ಐರ್ಲೆಂಡಿನ ಪಾಠ: ಹೆಣ್ಣಿನ ಹಕ್ಕು ಶಾಸನದಲ್ಲಿರಬೇಕು

(ಪಕ್ಷದ ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಇಂದು ನಾನು ಮಾತನಾಡಬೇಕಾದ ವಿಷಯ ಗರ್ಭಪಾತದ ಹಕ್ಕು. ಇದು ತುಂಬಿದ ಸಭೆಯಲ್ಲಿ ಎತ್ತಿ ಆಡುವ ಮಾತಲ್ಲವೆಂದು ನಮ್ಮವರಲ್ಲೇ ಅನೇಕರು ಭಾವಿಸುತ್ತಾರೆ. ಕೂಲಿ, ಭೂಮಿ, ಬೆಲೆ, ರೇಷನ್ನು ಇವು ರಾಜಕೀಯ. ಬಸಿರು ಬಾಣಂತನ ಮನೆಯೊಳಗಿನ ಸಂಗತಿ, ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ ಎಂಬುದು ಅವರ ಅಭಿಪ್ರಾಯ. ಆದರೆ ಬಸಿರಿನ ಮೇಲೆ ಸರಕಾರ ಕೈಯಿಟ್ಟು ನೂರ ಅರವತ್ತು ವರ್ಷಗಳು ದಾಟಿದವು. ಪೊಲೀಸು, ಜೈಲು, ಕೋರ್ಟು ಮೂರೂ ಆ ಕೋಣೆಯ ಬಾಗಿಲಲ್ಲಿ ನಿಂತಿರುವಾಗ ಅದನ್ನು ಮನೆಯೊಳಗಿನ ಸಂಗತಿ ಎನ್ನುವುದು ಹೇಗೆ? ಸರಕಾರ ಒಳಗೆ ಕಾಲಿಟ್ಟ ಕಡೆ ರಾಜಕೀಯವೂ ಕಾಲಿಡಲೇಬೇಕು.

ಈ ಹಕ್ಕನ್ನು ದೇಶದ ಶಾಸನದಲ್ಲಿ ಬರೆಸಲು ಜನ ಹೇಗೆ ಹೋರಾಡಿದರು, ಬರೆಯದೆ ಬಿಟ್ಟದ್ದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಒಂದೇ ಒಂದು ದೇಶದ ಕಥೆಯಿಂದ ಹೇಳುತ್ತೇನೆ. ಆ ದೇಶ ಐರ್ಲೆಂಡು. ಹೆಚ್ಚುಕಡಿಮೆ ನಮ್ಮ ಬೆಳಗಾವಿ ಜಿಲ್ಲೆಯಷ್ಟು ಜನಸಂಖ್ಯೆಯ ದೇಶ. ಅದನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಅವರನ್ನೂ ನಮ್ಮನ್ನೂ ಆಳಿದವರು ಒಬ್ಬರೇ. 1860ರಲ್ಲಿ ಬ್ರಿಟಿಷರು ನಮಗೆ ಇಂಡಿಯನ್ ಪೀನಲ್ ಕೋಡನ್ನು ಬರೆದುಕೊಟ್ಟರು. ತಾಯಿಯ ಜೀವ ಉಳಿಸುವ ಸದುದ್ದೇಶವಿಲ್ಲದೆ ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷದವರೆಗೆ, ಹೊಟ್ಟೆಯೊಳಗಿನ ಕೂಸು ಮಿಸುಕಾಡತೊಡಗಿದ ಮೇಲಾದರೆ ಏಳು ವರ್ಷದವರೆಗೆ ಸಜೆಯೆಂದು ಅದರ 312ನೆಯ ಕಲಮು ಹೇಳಿತು. ತಾನಾಗಿ ಮಾಡಿಕೊಂಡ ಹೆಂಗಸಿಗೂ ಅದೇ ಸಜೆ. ಮರುವರ್ಷ 1861ರಲ್ಲಿ ಇಂಗ್ಲೆಂಡು ಐರ್ಲೆಂಡುಗಳಿಗೆ ಮಾಡಿದ ಕಾನೂನಿನ 58ನೆಯ ಕಲಮು ಇನ್ನೂ ಮುಂದೆ ಹೋಗಿ ಜೀವಾವಧಿ ಶಿಕ್ಷೆಯನ್ನೇ ಇಟ್ಟಿತು. ಈ ಕಾನೂನುಗಳನ್ನು ಬರೆದ ಸಭೆಗಳಲ್ಲಿ ಒಬ್ಬ ಹೆಂಗಸೂ ಕೂತಿರಲಿಲ್ಲ. ಆಗ ಹೆಂಗಸರಿಗೆ ಓಟು ಕೂಡ ಇರಲಿಲ್ಲ. ದೊರೆಗಳು ಹೋದರು, ಬಾವುಟ ಇಳಿಯಿತು, ಆದರೆ ಅವರ ಈ ಕಲಮುಗಳನ್ನು ಎರಡು ದೇಶಗಳೂ ಭದ್ರವಾಗಿ ಇಟ್ಟುಕೊಂಡವು.

ಎರಡನೆಯದು, ಆ ದೇಶದಲ್ಲಿ ಈ ಕಾನೂನಿಗೆ ಬಲಿಯಾಗಿ ಚರಿತ್ರೆಯನ್ನೇ ತಿರುಗಿಸಿದ ಹೆಣ್ಣುಮಗಳು ನಮ್ಮ ಬೆಳಗಾವಿಯಲ್ಲಿ ಬೆಳೆದು ದಂತವೈದ್ಯ ಓದಿದ ಸವಿತಾ ಹಾಲಪ್ಪನವರ. ಆಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

1967ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಗರ್ಭಪಾತಕ್ಕೆ ಅವಕಾಶ ಕೊಡುವ ಶಾಸನ ಮಾಡಿತು. 1973ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು ಇದು ಹೆಣ್ಣಿನ ಹಕ್ಕೆಂದು ತೀರ್ಪು ಕೊಟ್ಟಿತು. ಅದೇ ವರ್ಷ ಐರ್ಲೆಂಡಿನ ಸುಪ್ರೀಂ ಕೋರ್ಟು, ಗಂಡಹೆಂಡಿರು ಸಂತಾನನಿಯಂತ್ರಣದ ಸಾಧನಗಳನ್ನು ತರಿಸಿಕೊಳ್ಳುವುದನ್ನು ಸರಕಾರ ತಡೆಯಲಾಗದು ಎಂದಿತು. ಇದನ್ನೆಲ್ಲ ಕಂಡು ಅಲ್ಲಿನ ಮತಾಭಿಮಾನಿಗಳಿಗೆ ದಿಗಿಲು ಹುಟ್ಟಿತು. ಇಂದು ಈ ತೀರ್ಪು ಕೊಟ್ಟ ಕೋರ್ಟು ನಾಳೆ ಗರ್ಭಪಾತದ ಹಕ್ಕನ್ನೂ ಕೊಟ್ಟರೆ ಏನು ಗತಿ? ಕೋರ್ಟಿಗೂ ಪಾರ್ಲಿಮೆಂಟಿಗೂ ಕೈ ಎಟುಕದಂತೆ ರಾಜ್ಯಾಂಗದಲ್ಲೇ ಬೀಗ ಜಡಿಯಬೇಕೆಂದು ಅವರು ಹೊರಟರು. ದೊಡ್ಡ ಪಕ್ಷಗಳು ಓಟಿನ ಆಸೆಗೆ ತಲೆಬಾಗಿದವು. 1983ರ ಸೆಪ್ಟೆಂಬರ್ 7ರಂದು ಜನಮತಗಣನೆ ನಡೆದು, ಓಟು ಹಾಕಿದವರಲ್ಲಿ ಶೇಕಡಾ 66.9 ಮಂದಿಯ ಒಪ್ಪಿಗೆಯಿಂದ ಎಂಟನೆಯ ತಿದ್ದುಪಡಿ ರಾಜ್ಯಾಂಗವನ್ನು ಸೇರಿತು. ಹುಟ್ಟದ ಕೂಸಿನ ಜೀವದ ಹಕ್ಕೂ ತಾಯಿಯ ಜೀವದ ಹಕ್ಕೂ ಸಮಸಮ ಎಂಬುದು ಅದರ ಸಾರ.

ಕೇಳುವುದಕ್ಕೆ ಈ ಮಾತು ನ್ಯಾಯವಾಗಿಯೇ ಇದೆ. ಆದರೆ ಆಸ್ಪತ್ರೆಯ ಮಂಚದ ಬಳಿ ನಿಂತ ಡಾಕ್ಟರು ಇದನ್ನು ಹೇಗೆ ಓದಬೇಕು? ಎರಡೂ ಜೀವ ಸಮವೆಂದರೆ ಯಾವ ಗಳಿಗೆಯಲ್ಲಿ ಯಾವುದನ್ನು ಕೈಬಿಡಬಹುದು? ಈ ವಾಕ್ಯದಲ್ಲಿ ಸ್ಪಷ್ಟತೆಯಿಲ್ಲ, ಡಾಕ್ಟರುಗಳು ಗೊಂದಲಕ್ಕೆ ಬೀಳುತ್ತಾರೆ ಎಂದು ಆಗಿನ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಜನಮತಗಣನೆಗೆ ಮೊದಲೇ ಸರಕಾರವನ್ನು ಎಚ್ಚರಿಸಿದ್ದರು. ಆಗ ಲೇಬರ್ ಪಕ್ಷದ ಸೆನೆಟರಾಗಿದ್ದು ಮುಂದೆ ದೇಶದ ಅಧ್ಯಕ್ಷೆಯಾದ ಮೇರಿ ರಾಬಿನ್ಸನ್ ಕೂಡ ತಿದ್ದುಪಡಿಯನ್ನು ವಿರೋಧಿಸಿದರು. ಯಾರೂ ಕಿವಿಗೊಡಲಿಲ್ಲ.

ಬೀಗ ಬಿದ್ದ ಮೇಲೆ ಗರ್ಭಪಾತ ನಿಂತಿತೇ? ನಿಲ್ಲಲಿಲ್ಲ. ಹೆಂಗಸರು ಹಡಗು ಹತ್ತಿ, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋದರು. 1980ರಿಂದ 2016ರವರೆಗೆ ಹೀಗೆ ಹೋದವರ ಸಂಖ್ಯೆ 1 ಲಕ್ಷ 70 ಸಾವಿರ ಮೀರಿತು. ಇದು ಅಲ್ಲಿನ ಆಸ್ಪತ್ರೆಗಳಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟವರ ಲೆಕ್ಕ ಮಾತ್ರ. ವಿಳಾಸ ಮರೆಸಿದವರು ಇದರಲ್ಲಿ ಸೇರಿಲ್ಲ. ಸಂಗಾತಿಗಳೇ, ಸಮಾಜವಾದಿಗಳಾದ ನಾವು ಗಮನಿಸಬೇಕಾದ ಅಂಶ ಇಲ್ಲಿದೆ. ಟಿಕೇಟಿಗೆ, ವಸತಿಗೆ, ಡಾಕ್ಟರ ಫೀಸಿಗೆ ಹಣ ಇದ್ದವಳು ವಾರದೊಳಗೆ ಹೋಗಿ ಬಂದಳು. ಸಾಲ ಎತ್ತಬೇಕಾದವಳು ತಡಮಾಡಿ ಹೋದಳು. ಕೆಲಸಕ್ಕೆ ರಜೆ ಸಿಗದವಳು, ಮಕ್ಕಳನ್ನು ಬಿಡಲು ದಿಕ್ಕಿಲ್ಲದವಳು, ಗಡಿ ದಾಟಲು ಕಾಗದಪತ್ರವಿಲ್ಲದ ವಲಸೆಗಾರ್ತಿ ಅಲ್ಲೇ ಉಳಿದಳು. ಕಾನೂನಿನ ಅಕ್ಷರ ಎಲ್ಲರಿಗೂ ಒಂದೇ ಆಗಿತ್ತು. ಅದರ ಹೊರೆ ಮಾತ್ರ ಬಡವಳ ಬೆನ್ನಿಗೆ ಬಿತ್ತು.

1992ರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಮೊಕದ್ದಮೆ ದೇಶವನ್ನೇ ಅಲುಗಿಸಿತು. ಬಲಾತ್ಕಾರಕ್ಕೆ ಸಿಕ್ಕಿ ಬಸಿರಾದ ಆ ಮಗುವನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿದ್ದರು. ಸರಕಾರದ ಅಟಾರ್ನಿ ಜನರಲ್ ಕೋರ್ಟಿನಿಂದ ತಡೆಯಾಜ್ಞೆ ತಂದ. ಹುಡುಗಿ ಹಿಂದಿರುಗಬೇಕಾಯಿತು, ಸಾಯುತ್ತೇನೆಂದು ಹೇಳತೊಡಗಿದಳು. ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತಡೆಯಾಜ್ಞೆಯನ್ನು ತೆಗೆದುಹಾಕಿ, ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದಲ್ಲಿ, ಅದು ಆತ್ಮಹತ್ಯೆಯ ಅಪಾಯವಾದರೂ ಸರಿಯೆ, ಗರ್ಭಪಾತ ಕಾನೂನುಬದ್ಧ ಎಂದಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಮೆಕಾರ್ಥಿಯವರು ಪಾರ್ಲಿಮೆಂಟಿನ ಕಡೆಗೂ ಬೆರಳು ತೋರಿಸಿದರು: ಎಂಟನೆಯ ತಿದ್ದುಪಡಿಯನ್ನು ತಂದು ಎಂಟು ವರ್ಷ ಕಳೆದರೂ ಅದನ್ನು ಆಚರಣೆಗೆ ತರುವ ಶಾಸನವನ್ನು ಮಾಡದೆ ಕುಳಿತದ್ದು ಕ್ಷಮಿಸಲಾಗದ ತಪ್ಪು ಎಂದರು.

ಆಳುವವರು ಈ ಮಾತನ್ನು ಮನಸ್ಸಿಗೆ ಹಾಕಿಕೊಂಡರೇ? ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಜನಮತ ಕೇಳಿದರು. ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯವನ್ನೂ ಅಲ್ಲಿನ ಸೌಲಭ್ಯಗಳ ಮಾಹಿತಿ ಪಡೆಯುವ ಸ್ವಾತಂತ್ರ್ಯವನ್ನೂ ಜನ ಕೊಟ್ಟರು. ಆತ್ಮಹತ್ಯೆಯ ಅಪಾಯವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ತಿದ್ದುಪಡಿಯನ್ನು ತಳ್ಳಿಹಾಕಿದರು. 2002ರಲ್ಲಿ ಅದೇ ತಿದ್ದುಪಡಿಯನ್ನು ಬೇರೊಂದು ರೂಪದಲ್ಲಿ ತಂದಾಗಲೂ ಕೂದಲೆಳೆಯ ಅಂತರದಲ್ಲಿ ಸೋಲಿಸಿದರು. ಜನ ತಮ್ಮ ಮಾತನ್ನು ಹೇಳಿಯಾಗಿತ್ತು. ಇನ್ನು ಉಳಿದದ್ದು ಪಾರ್ಲಿಮೆಂಟಿನ ಕೆಲಸ: ಯಾವ ಸ್ಥಿತಿಯಲ್ಲಿ, ಯಾರು ನಿರ್ಧರಿಸಿ, ಎಷ್ಟು ಬೇಗ ಚಿಕಿತ್ಸೆ ಕೊಡಬಹುದೆಂದು ಶಾಸನ ಬರೆಯುವುದು. ಸರಕಾರದ ಮೇಲೆ ಸರಕಾರ ಬಂತು, ಯಾರೂ ಬರೆಯಲಿಲ್ಲ. ಬಿಸಿ ಕೆಂಡವನ್ನು ಒಬ್ಬರ ಸೆರಗಿನಿಂದ ಇನ್ನೊಬ್ಬರ ಸೆರಗಿಗೆ ದಾಟಿಸುತ್ತ ಹೋದರು. 2010ರ ಡಿಸೆಂಬರಿನಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ, ರಾಜ್ಯಾಂಗ ಕೊಟ್ಟ ಅಷ್ಟು ಕಿರಿದಾದ ಹಕ್ಕನ್ನೂ ಪಡೆಯುವ ದಾರಿಯನ್ನು ಐರ್ಲೆಂಡು ತನ್ನ ಹೆಂಗಸರಿಗೆ ತೋರಿಸಿಲ್ಲ ಎಂದು ತೀರ್ಪಿತ್ತಿತು.

2012ರ ಏಪ್ರಿಲಿನಲ್ಲಿ ಒಂದು ಮಸೂದೆ ಸಭೆಯ ಮುಂದೆ ಬಂತು. ಅದನ್ನು ತಂದ ಕ್ಲೇರ್ ಡೇಲಿ ಆಗ ಸೋಷಲಿಸ್ಟ್ ಪಕ್ಷದ ಸದಸ್ಯೆ. ಜೊತೆಗೆ ನಿಂತವರು ಜೋನ್ ಕಾಲಿನ್ಸ್ ಮತ್ತು ಮಿಕ್ ವಾಲೇಸ್. ಮಸೂದೆ ಕೇಳಿದ್ದು ಅಲ್ಪ: ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭ ತೆಗೆಯಲು ಕಾನೂನಿನ ಸ್ಪಷ್ಟ ಅನುಮತಿ. ಸುಪ್ರೀಂ ಕೋರ್ಟು ಇಪ್ಪತ್ತು ವರ್ಷಗಳ ಹಿಂದೆ ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಮಸೂದೆಯ ಪರ 20 ಓಟು, ವಿರುದ್ಧ 109 ಓಟು ಬಿದ್ದವು. ಇನ್ನೂ ಕಾಲ ಬಂದಿಲ್ಲ, ತಜ್ಞರ ವರದಿ ಬರಲಿ ಎಂದರು.

ಅದಾದ ಆರು ತಿಂಗಳಿಗೆ, ಅಕ್ಟೋಬರ್ 21ರಂದು, ಹದಿನೇಳು ವಾರದ ಬಸುರಿ ಸವಿತಾ ಬೆನ್ನುನೋವೆಂದು ಗಾಲ್ವೇ ಊರಿನ ಆಸ್ಪತ್ರೆಗೆ ಸೇರಿದಳು. ಆಕೆಗೆ ಆಗ 31 ವಯಸ್ಸು. ಗರ್ಭ ಉಳಿಯುವುದಿಲ್ಲವೆಂದು ಡಾಕ್ಟರುಗಳೇ ಹೇಳಿದರು. ನೀರು ಒಡೆದುಹೋಯಿತು. ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿ ಎಂದು ಗಂಡಹೆಂಡಿರು ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಕೇಳಿಸುತ್ತಿದೆ, ತಾಯಿಯ ಜೀವಕ್ಕೆ ಈಗ ಅಪಾಯವಿಲ್ಲ, ಆದುದರಿಂದ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಸಿಕ್ಕಿತು. ಇದು ಕ್ಯಾಥೊಲಿಕ್ ದೇಶವೆಂದು ಒಬ್ಬ ಸೂಲಗಿತ್ತಿ ನರ್ಸು ಹೇಳಿದ್ದನ್ನು ಆಕೆಯೇ ವಿಚಾರಣೆಯಲ್ಲಿ ಒಪ್ಪಿಕೊಂಡಳು. 24ರ ಹೊತ್ತಿಗೆ ರಕ್ತಕ್ಕೆ ನಂಜೇರಿತ್ತು. 28ರಂದು ಸವಿತಾ ತೀರಿಕೊಂಡಳು.

ಆಮೇಲಿನ ತನಿಖೆಯಲ್ಲಿ ಆಸ್ಪತ್ರೆಯ ಹುಳುಕುಗಳೂ ಹೊರಬಿದ್ದವು. ನಂಜಿನ ಲಕ್ಷಣಗಳನ್ನು ಹೊತ್ತಿಗೆ ಸರಿಯಾಗಿ ಗುರುತಿಸಲಿಲ್ಲವೆಂದು ವರದಿ ಹೇಳಿತು. ಅದನ್ನು ನಾವು ಮುಚ್ಚಿಡಬಾರದು. ಆದರೆ ಪರಿಣಿತ ಪ್ರಸೂತಿ ವೈದ್ಯ ಪೀಟರ್ ಬಾಯ್ಲನ್ ಅವರ ಸಾಕ್ಷ್ಯ ಇನ್ನೂ ಆಳಕ್ಕೆ ಹೋಯಿತು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದಳು. ಆದರೆ ಆ ದಿನಗಳಲ್ಲಿ ಜೀವಕ್ಕೆ ಅಪಾಯ ಕಾಣದ್ದರಿಂದ ಕಾನೂನು ಒಪ್ಪುತ್ತಿರಲಿಲ್ಲ. ಕಾನೂನು ಒಪ್ಪುವಷ್ಟು ಅಪಾಯ ಬುಧವಾರ ಬಂದಾಗ ಹೊತ್ತು ಮೀರಿತ್ತು. ಸೋದರಿಯರೇ, ಈ ಮಾತನ್ನು ನಿಧಾನವಾಗಿ ಯೋಚಿಸಿ ನೋಡಿ. ಹೆಂಗಸು ಸಾಯುವ ಹಂತಕ್ಕೆ ಬರುವವರೆಗೆ ಡಾಕ್ಟರು ಕೈಕಟ್ಟಿ ಕಾಯಬೇಕು. ಆ ಹಂತಕ್ಕೆ ಬಂದವಳು ಹಿಂದಕ್ಕೆ ಬರುವಳೆಂಬ ಭರವಸೆ ಯಾರಿಗೂ ಇಲ್ಲ. ಮದ್ದು ಇತ್ತು, ಆಸ್ಪತ್ರೆ ಇತ್ತು, ಡಾಕ್ಟರೂ ಇದ್ದರು. ಇಲ್ಲದ್ದು ನಾಲ್ಕು ಸಾಲಿನ ಒಂದು ಶಾಸನ.

ಸುದ್ದಿ ಹೊರಬಿದ್ದೊಡನೆ ಡಬ್ಲಿನ್, ಗಾಲ್ವೇ ಬೀದಿಗಳಲ್ಲಿ ಸಾವಿರಾರು ಜನ ಮೇಣದ ಬತ್ತಿ ಹಿಡಿದು ನಿಂತರು. ಇಪ್ಪತ್ತು ವರ್ಷ ಆಗದ ಕೆಲಸ ಒಂದೇ ವರ್ಷದೊಳಗೆ ಆಯಿತು: 2013ರ ಜುಲೈಯಲ್ಲಿ ತಾಯಿಯ ಜೀವರಕ್ಷಣೆಯ ಶಾಸನ ಬಂತು. ಆದರೆ ಅದೂ ಎಂಟನೆಯ ತಿದ್ದುಪಡಿಯ ಬೇಲಿಯೊಳಗೇ ಹುಟ್ಟಿದ್ದು. 1861ರ ಕಲಮು ಹೋಯಿತು, ಅದರ ಜಾಗಕ್ಕೆ ಹದಿನಾಲ್ಕು ವರ್ಷದವರೆಗಿನ ಸಜೆ ಬಂತು. ಆತ್ಮಹತ್ಯೆಯ ಅಪಾಯವೆಂದರೆ ಮೂವರು ಡಾಕ್ಟರುಗಳ ಮುಂದೆ ಹೆಂಗಸು ತನ್ನ ದುಃಖವನ್ನು ರುಜುವಾತು ಮಾಡಬೇಕಿತ್ತು. 2014ರಲ್ಲಿ ಬಲಾತ್ಕಾರಕ್ಕೊಳಗಾಗಿ ಆಶ್ರಯ ಕೋರಿ ಬಂದಿದ್ದ ಒಬ್ಬ ಪರದೇಶದ ಹೆಣ್ಣುಮಗಳಿಗೆ ಇಂಗ್ಲೆಂಡಿಗೆ ಹೋಗುವ ದಾರಿಯೂ ಸಿಗಲಿಲ್ಲ, ಐರ್ಲೆಂಡಿನಲ್ಲಿ ಗರ್ಭಪಾತವೂ ಸಿಗಲಿಲ್ಲ. ಕೊನೆಗೆ ಹೊಟ್ಟೆ ಕೊಯ್ದು ಕೂಸನ್ನು ಹೊರತೆಗೆದರು. ಅರ್ಧ ಹಕ್ಕು ಬಡವರವರೆಗೆ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದುದರಿಂದ ಚಳವಳಿಯ ಗುರಿ ಬದಲಾಯಿತು. ಎಂಟನೆಯ ತಿದ್ದುಪಡಿಯನ್ನೇ ಕಿತ್ತುಹಾಕಿ ಎಂಬ ಕೂಗೆದ್ದಿತು. ಮಹಿಳಾ ಸಂಘಗಳು, ವಿದ್ಯಾರ್ಥಿಗಳು, ಕೆಲವು ಕಾರ್ಮಿಕ ಸಂಘಗಳು ಒಂದಾದವು. ಸರಕಾರ ಒಂದು ಹೊಸ ಉಪಾಯ ಹೂಡಿತು. ಜನಸಾಮಾನ್ಯರಲ್ಲಿ 99 ಮಂದಿಯನ್ನು ಆರಿಸಿ, ನ್ಯಾಯಮೂರ್ತಿ ಮೇರಿ ಲ್ಯಾಫೊಯ್ ಅವರ ಅಧ್ಯಕ್ಷತೆಯಲ್ಲಿ ನಾಗರಿಕರ ಸಭೆಯೊಂದನ್ನು ಕೂಡಿಸಿತು. ಅವರು ಡಾಕ್ಟರುಗಳು, ವಕೀಲರು, ಹಡಗು ಹತ್ತಿದ ಹೆಂಗಸರು, ಗರ್ಭಪಾತದ ವಿರೋಧಿಗಳು ಎಲ್ಲರ ಮಾತನ್ನೂ ತಿಂಗಳುಗಟ್ಟಲೆ ಕೇಳಿದರು. 2017ರ ಏಪ್ರಿಲಿನಲ್ಲಿ ಅವರು ಕೊಟ್ಟ ತೀರ್ಮಾನ ರಾಜಕಾರಣಿಗಳನ್ನೇ ಬೆರಗುಗೊಳಿಸಿತು: ಶೇಕಡಾ 64 ಮಂದಿ, ಕಾರಣ ಕೇಳದೆಯೇ ಗರ್ಭಪಾತಕ್ಕೆ ಅವಕಾಶವಿರಬೇಕೆಂದರು. ಜನ ಹಿಂದುಳಿದಿದ್ದಾರೆ, ಅವರು ಒಪ್ಪುವುದಿಲ್ಲ ಎಂದು ಮುಂದಾಳುಗಳು ಹೇಳುತ್ತ ಬಂದಿದ್ದ ನೆಪ ಅಲ್ಲಿಗೆ ಮುಗಿಯಿತು.

2018ರ ಮೇ 25ರಂದು ಜನಮತಗಣನೆ ನಡೆಯಿತು. ಸವಿತಾಳ ತಂದೆ ಬೆಳಗಾವಿಯಿಂದಲೇ, ತಮ್ಮ ಮಗಳನ್ನು ನೆನೆದು ಓಟು ಹಾಕಿರೆಂದು ಐರ್ಲೆಂಡಿನ ಜನರನ್ನು ಕೇಳಿಕೊಂಡರು. ದುಡಿಮೆಗಾಗಿ ಪರದೇಶಗಳಿಗೆ ಹೋಗಿದ್ದ ಐರಿಷ್ ಯುವಕ ಯುವತಿಯರು ಓಟಿಗಾಗಿಯೇ ಊರಿಗೆ ಮರಳಿದರು. ಶೇಕಡಾ 66.4 ಮಂದಿ ತಿದ್ದುಪಡಿಯನ್ನು ಕಿತ್ತುಹಾಕಿ ಎಂದರು. 40 ಕ್ಷೇತ್ರಗಳಲ್ಲಿ ಡಾನಿಗಾಲ್ ಒಂದನ್ನು ಬಿಟ್ಟು ಉಳಿದೆಲ್ಲವೂ ಒಪ್ಪಿದವು. ಮೂವತ್ತೈದು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇಷ್ಟೇ ಬಹುಮತದಿಂದ ಜಡಿದ ಬೀಗವನ್ನು ಅದೇ ಜನ ತೆಗೆದರು.

ಆ ವರ್ಷ ಡಿಸೆಂಬರಿನಲ್ಲಿ ಶಾಸನವಾಗಿ 2019ರ ಜನವರಿ 1ರಿಂದ ಜಾರಿಗೆ ಬಂತು. ಅದರ ಮೂರು ಅಂಶಗಳನ್ನು ನಾವು ಮನಸ್ಸಿನಲ್ಲಿಡಬೇಕು. ಹನ್ನೆರಡು ವಾರದವರೆಗೆ ಹೆಣ್ಣು ಕೇಳಿದರೆ ಸಾಕು, ಕಾರಣ ಹೇಳಬೇಕಿಲ್ಲ. ತನ್ನ ಗರ್ಭದ ವಿಷಯದಲ್ಲಿ ಹೆಣ್ಣು ಎಂದೂ ಅಪರಾಧಿಯಲ್ಲ. ದೇಶದಲ್ಲಿ ನೆಲೆಸಿದವರಿಗೆ ಈ ಚಿಕಿತ್ಸೆ ಸರಕಾರದ ಖರ್ಚಿನಲ್ಲಿ ಪುಕ್ಕಟೆ. ಕೊರತೆಗಳೂ ಇವೆ. ಮೂರು ದಿನ ಕಾಯಬೇಕೆಂಬ ಕಟ್ಟಳೆ ದೂರದ ಹಳ್ಳಿಯವಳಿಗೆ ಭಾರ. ಕಾನೂನು ಮೀರಿದ ಡಾಕ್ಟರಿಗೆ ಹದಿನಾಲ್ಕು ವರ್ಷದ ಸಜೆಯ ಬೆದರಿಕೆಯನ್ನು ಇಟ್ಟರು. ಜಾರಿಯಾಗಿ ನಾಲ್ಕು ವರ್ಷಗಳಾದರೂ ದೇಶದ 19 ಹೆರಿಗೆ ಆಸ್ಪತ್ರೆಗಳಲ್ಲಿ ಎಲ್ಲವೂ ಈ ಸೇವೆಯನ್ನು ಕೊಡುತ್ತಿರಲಿಲ್ಲ. ಹೋರಾಟ ನಿಂತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಹೆಂಗಸರನ್ನು ಅಡ್ಡಗಟ್ಟಿ ಹಂಗಿಸುವುದನ್ನು ನೂರು ಮೀಟರಿನ ಆಚೆಗೆ ಇಡುವ ಶಾಸನ 2024ರಲ್ಲಿ ಬಂತು.

ಇದಕ್ಕೆ ಎದುರಾಗಿ ಅಮೆರಿಕೆಯನ್ನು ನೋಡಿ. ಅಲ್ಲಿ 1973ರ ಕೋರ್ಟಿನ ತೀರ್ಪನ್ನೇ ನೆಚ್ಚಿ ಕುಳಿತರು. ಆ ಹಕ್ಕನ್ನು ಇಡೀ ದೇಶಕ್ಕೆ ಅನ್ವಯಿಸುವ ಶಾಸನವಾಗಿ ಬರೆಯಲಾಗಲಿಲ್ಲ. 2021ರಲ್ಲಿ ಕೆಳಮನೆ ಅಂಥ ಮಸೂದೆಯನ್ನು ಒಪ್ಪಿತು. ಆದರೆ 2022ರ ಮೇ 11ರಂದು ಸೆನೆಟ್ಟಿನಲ್ಲಿ ಅಂಥದೇ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳುವುದಕ್ಕೇ 49 ಓಟು ಪರ, 51 ಓಟು ವಿರೋಧವಾಗಿ ನೆಲಕಚ್ಚಿತು. ಮುಂದಿನ ತಿಂಗಳು 24ರಂದು ಕೋರ್ಟು ತಾನು ಕೊಟ್ಟದ್ದನ್ನು ತಾನೇ ಕಿತ್ತುಕೊಂಡಿತು. ಐವತ್ತು ವರ್ಷದ ಹಕ್ಕು ಒಂದೇ ಬೆಳಗಿನಲ್ಲಿ ಹೋಯಿತು.

ಇನ್ನು ನಮ್ಮ ಮನೆಯ ಲೆಕ್ಕ. 1964ರಲ್ಲಿ ನೇಮಕವಾದ ಶಾಂತಿಲಾಲ್ ಷಾ ಸಮಿತಿಯ ಶಿಫಾರಸಿನಂತೆ ನಮ್ಮ ಪಾರ್ಲಿಮೆಂಟು 1971ರಲ್ಲೇ ವೈದ್ಯಕೀಯ ಗರ್ಭಪಾತದ ಕಾಯಿದೆ ಮಾಡಿತು. 1972ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಐರ್ಲೆಂಡಿಗಿಂತ ನಲವತ್ತೇಳು ವರ್ಷ ಮುಂಚೆ! ಹೆಮ್ಮೆಪಡಬೇಕಾದ ಮಾತೇ ಸರಿ. ಆದರೆ ಕಾಯಿದೆಯನ್ನು ಬಿಚ್ಚಿ ಓದಿರಿ. ಹೆಣ್ಣಿಗೆ ಹಕ್ಕಿದೆಯೆಂದು ಅದು ಎಲ್ಲೂ ಹೇಳುವುದಿಲ್ಲ. ಇಂತಿಂಥ ಸಂದರ್ಭದಲ್ಲಿ ಡಾಕ್ಟರು ಸದ್ಭಾವನೆಯಿಂದ ಅಭಿಪ್ರಾಯಪಟ್ಟರೆ ಆ ಡಾಕ್ಟರನ್ನು ಪೀನಲ್ ಕೋಡಿನಿಂದ ಕಾಪಾಡುತ್ತೇವೆ ಎಂದಷ್ಟೇ ಹೇಳುತ್ತದೆ. 2021ರ ತಿದ್ದುಪಡಿಯಿಂದ ಇಪ್ಪತ್ತು ವಾರದವರೆಗೆ ಒಬ್ಬ ಡಾಕ್ಟರು, ಕೆಲವು ವರ್ಗದ ಹೆಂಗಸರಿಗೆ ಇಪ್ಪತ್ತನಾಲ್ಕು ವಾರದವರೆಗೆ ಇಬ್ಬರು ಡಾಕ್ಟರು ಎಂದಾಯಿತು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರನ್ನೂ ಆ ವರ್ಗಕ್ಕೆ ಸೇರಿಸಿತು. ಮರುವರ್ಷ ಅಕ್ಟೋಬರಿನಲ್ಲಿ ಇಪ್ಪತ್ತಾರು ವಾರ ದಾಟಿದ ಒಬ್ಬ ತಾಯಿಗೆ ಅದೇ ಕೋರ್ಟು ಅನುಮತಿ ಕೊಡಲಿಲ್ಲ. ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತನ್ನ ದೇಹದ ವಿಷಯಕ್ಕೆ ದಿಲ್ಲಿಯವರೆಗೆ ಹೋಗಿ ವಕೀಲರನ್ನಿಟ್ಟು ಕಾಯಬಲ್ಲ ಕೂಲಿ ಹೆಂಗಸು ಎಷ್ಟು ಮಂದಿ?

ಬ್ರಿಟಿಷರ ಆ 312ನೆಯ ಕಲಮು ಎಲ್ಲಿ ಹೋಯಿತು? 2024ರ ಜುಲೈ 1ರಿಂದ ಪೀನಲ್ ಕೋಡು ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ದಾಸ್ಯದ ಕಾನೂನನ್ನು ಕಿತ್ತೆಸೆದೆವೆಂದು ಡಂಗುರ ಸಾರಿದರು. ಆ ಸಂಹಿತೆಯ 88ನೆಯ ಕಲಮನ್ನು ತೆರೆದು ನೋಡಿದರೆ ಅದೇ ಅಪರಾಧ, ಅದೇ ಮೂರು ವರ್ಷ, ಅದೇ ಏಳು ವರ್ಷ, ಹೆಂಗಸೂ ಅಪರಾಧಿಯೆಂಬ ಅದೇ ವಿವರಣೆ. ನಂಬರು ಒಂದು ಬದಲಾಗಿದೆ.

ಈ ಭಯದ ಫಲವೇನು? ಹಳ್ಳಿಯ ಆಸ್ಪತ್ರೆಯಲ್ಲಿ ತರಬೇತಾದ ಡಾಕ್ಟರಿಲ್ಲ. ಇದ್ದವರಿಗೆ ಪೊಲೀಸರ ಅಂಜಿಕೆ. ಗಂಡನ ಸಹಿ ತಾ ಎಂದು ಕಾಯಿದೆಯಲ್ಲಿಲ್ಲದ ಕೇಳಿಕೆ. ಪ್ರಾಪ್ತ ವಯಸ್ಸಿನ ಹೆಂಗಸಿಗೆ ಅವಳ ಒಪ್ಪಿಗೆಯೊಂದೇ ಸಾಕೆಂದು 1971ರಿಂದಲೂ ಕಾಯಿದೆ ಹೇಳುತ್ತಿದೆ, ಇದನ್ನು ಊರೂರಿಗೆ ಸಾರಬೇಕು. 2015ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವೆಂದೂ, ಅವುಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವೆಂದೂ ವೈದ್ಯ ಸಂಶೋಧಕರು ಅಂದಾಜು ಮಾಡಿದ್ದಾರೆ. ಮಾತ್ರೆ ಕೆಟ್ಟದ್ದಲ್ಲ. ಆದರೆ ಹೇಳುವವರಿಲ್ಲದೆ, ನೋಡುವವರಿಲ್ಲದೆ, ರಕ್ತ ನಿಲ್ಲದಿದ್ದರೆ ಓಡುವುದಕ್ಕೆ ಜಾಗವಿಲ್ಲದೆ ನುಂಗುವ ಸ್ಥಿತಿ ಕೆಟ್ಟದ್ದು.

ಹಕ್ಕು ಕೊಟ್ಟರೆ ಹೆಣ್ಣುಕೂಸುಗಳನ್ನು ತೆಗೆಸುವವರಿಗೆ ದಾರಿಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಾಮಾಣಿಕವಾದ ಪ್ರಶ್ನೆ. ಲಿಂಗ ಪತ್ತೆ ಮಾಡುವ ಡಾಕ್ಟರನ್ನು ಹಿಡಿಯಲು 1994ರ ಕಾಯಿದೆ ಬೇರೆಯೇ ಇದೆ. ಅದನ್ನು ಕಟ್ಟುನಿಟ್ಟಾಗಿ ಜಾರಿಮಾಡಿ. ಹೆಣ್ಣು ಬೇಡವೆನ್ನುವ ಮನೆ ಸೊಸೆಯನ್ನು ಬಲವಂತದಿಂದ ಆ ಮಂಚಕ್ಕೆ ಹತ್ತಿಸುತ್ತದೆ. ತನ್ನ ದೇಹದ ಮೇಲೆ ತನ್ನ ಮಾತು ನಡೆಯುವ ಹೆಣ್ಣು ತಾನೇ ಅದಕ್ಕೆ ಒಲ್ಲೆನೆನ್ನಬಲ್ಲವಳು? ಬೇಡವೆನ್ನುವ ಹಕ್ಕೂ ಬೇಕೆನ್ನುವ ಹಕ್ಕೂ ಒಂದೇ ಬೇರಿನವು.

ಸಂಗಾತಿಗಳೇ, ನಮ್ಮ ಬೇಡಿಕೆ ಮೂರು. 88ನೆಯ ಕಲಮಿನಿಂದ ಹೆಂಗಸನ್ನು ಬಿಡಿಸಬೇಕು. ಮೊದಲ ವಾರಗಳಲ್ಲಿ ಅವಳ ಮಾತೇ ಸಾಕೆಂದು, ಅದು ಅವಳ ಹಕ್ಕೆಂದು 1971ರ ಕಾಯಿದೆಯಲ್ಲಿ ಬರೆಯಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಪುಕ್ಕಟೆಯಾಗಿ, ಗುಟ್ಟಾಗಿ, ಹಂಗಿಸುವ ಮಾತಿಲ್ಲದೆ ಸಿಗಬೇಕು. ಮೊದಲಿನ ಎರಡು ದಿಲ್ಲಿಯಲ್ಲಿ ಆಗಬೇಕಾದ ಕೆಲಸ. ಮೂರನೆಯದನ್ನು ನಾವು ನಾಳೆಯೇ ಆರಂಭಿಸಬಹುದು. ನಿಮ್ಮ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಈ ಚಿಕಿತ್ಸೆ ಇಲ್ಲಿ ಸಿಗುತ್ತದೆಯೇ, ಕೊಡುವ ಡಾಕ್ಟರು ಇದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಶಾಸಕರ ಮುಂದೆ, ಲೋಕಸಭಾ ಸದಸ್ಯರ ಮುಂದೆ ಆ ಪಟ್ಟಿಯನ್ನು ಇಡಿ. ಐರ್ಲೆಂಡಿನ ಪಾರ್ಲಿಮೆಂಟು ಇನ್ನೂ ಕಾಲ ಬಂದಿಲ್ಲವೆಂದು ಹೇಳಿದ್ದು ಏಪ್ರಿಲಿನಲ್ಲಿ. ನಮ್ಮ ಊರಿನ ಮಗಳು ಸತ್ತದ್ದು ಅಕ್ಟೋಬರಿನಲ್ಲಿ. ಆ ಉತ್ತರವನ್ನು ನಮ್ಮ ಪ್ರತಿನಿಧಿಗಳಿಂದ ನಾವು ಕೇಳಿಸಿಕೊಳ್ಳಕೂಡದು.